ಬೋಣಿಗೆ ಮುಂಚೆ

ಹಾಲಸ್ವಾಮಿ ಮೇಷ್ಟ್ರ ಗೋರಿಗೆ ಹಾಲುತುಪ್ಪ ಬಿಟ್ಟು ನೆಂಟರೆಲ್ಲ ಬಸ್ಸು ಹತ್ತಿದ್ದರು. ಮಾರನೆಯ ಬೆಳಿಗ್ಗೆ ಅವರ ಇಂಗ್ಲಿಷ್ ಟ್ಯೂಷನ್ನಿಗೆ ಎಸ್ಸೆಸ್ಸೆಲ್ಸಿ ಮಕ್ಕಳು ಎಂದಿನಂತೆ ಬಂದು ನಡುಮನೆಯಲ್ಲಿ ಕೂತರು. ಮೇಷ್ಟ್ರ ಹೆಂಡತಿ ಶಾಂತಾದೇವಿ ಮೈಸೂರಿನಲ್ಲಿ ಎಂ.ಎ. ಓದಿದವಳು, ಗಂಡನ ಪಾಠಗಳನ್ನು ಸಿದ್ಧಮಾಡಿ ಕೊಡುತ್ತಿದ್ದವಳೂ ಅವಳೇ. ಇನ್ನು ಅವಳ ಅನ್ನಕ್ಕಿದ್ದುದು ಈ ಟ್ಯೂಷನ್ ಒಂದೇ.

ಕರಿಹಲಗೆಯ ಮೇಲೆ ಗಂಡನ ಕೈಬರಹ ಹಾಗೇ ಇತ್ತು: ಸ್ಟ್ಯಾಂಡ್ ಅಪ್ ಟು, ಬ್ಯಾಕ್ ಡೌನ್.

“ಮೊದಲನೇದು ಎದುರು ನಿಲ್ಲೋದು,” ಎಂದಳು.

“ಮೇಷ್ಟ್ರು ಯಾರಿಗಾದ್ರೂ ಎದುರು ನಿಂತಿದ್ರೇನ್ರೀ ಮಿಸ್?” ಮುಂದೆ ಕೂತಿದ್ದ ಅಂಜಿನಮ್ಮ ಕೇಳಿದಳು.

“ಇಲ್ಲ. ಒಂದು ಸಲಾನೂ ಇಲ್ಲ.”

“ಎರಡನೇದು ಓಡಿ ಹೋಗಾದಾ?”

“ಅಲ್ಲ. ಪಟ್ಟು ಹಿಡಿದೋನು ಎದುರಿಗಿರೋರನ್ನ ನೋಡಿ ಪಟ್ಟು ಬಿಡೋದು.”

“ಉದಾಹರಣೆ?”

ಅಷ್ಟರಲ್ಲಿ ಮೇಷ್ಟ್ರ ಅಣ್ಣ, ಅಡಿಕೆ ಮಂಡಿಯ ಕಲ್ಲೇಶಪ್ಪ, ಅಂದಿನ ಮೊದಲ ವ್ಯಾಪಾರ ಮುಗಿಸಿಕೊಂಡು ಒಳಗೆ ಬಂದ. “ಏಳ್ರೋ! ಮೇಷ್ಟ್ರೇ ಹೋದ ಮ್ಯಾಲೆ ಎಂಥ ಟ್ಯೂಷನ್ನು? ಈ ಜಾಗ ನನ್ನ ಅಡಿಕೆ ಚೀಲಕ್ಕೆ ಬೇಕು.” ಅವಳತ್ತ ತಿರುಗಿದ. “ಗಂಡನ್ನ ನುಂಗ್ಕಂಡಾಕಿ, ನೀನೇನು ಕಲಿಸ್ತೀಯ? ಜಗಳೂರಿಗೆ, ನಿಮ್ಮಪ್ಪನ ಮನೆಗೆ ಹೋಗು. ಆ ಬೋರ್ಡೂ ನನ್ನ ಮಂಡಿದು. ಅಡಿಕೆ ರೇಟು ಬರೆಯಾಕೆ ಇಟ್ಟಿದ್ದನ್ನ ತಮ್ಮ ಕೇಳಿ ತಂದಿದ್ದ. ವಾಪಸ್ ಕೊಡು.”

“ಕೊಡ್ತೀನಿ ಬಾವಾರೇ.”

ಮೊದಲ ವ್ಯಾಪಾರಕ್ಕೆ ಮುಂಚೆ ವಿಧವೆಯ ಮುಖ ಕಂಡರೆ ಕಲ್ಲೇಶಪ್ಪ ಅಂದು ಮಂಡಿಯನ್ನೇ ಮುಚ್ಚುತ್ತಿದ್ದ. ಸ್ವಂತ ಸೋದರತ್ತೆಯನ್ನೂ ಮೆಟ್ಟಿಲಿಂದ ಅಟ್ಟಿದ್ದ. ಅದು ಇಡೀ ಚನ್ನಗಿರಿಗೆ ಗೊತ್ತಿತ್ತು.

ಮರುದಿನ ಅವನು ತಕ್ಕಡಿಗೆ ಊದುಬತ್ತಿ ಬೆಳಗುತ್ತಿದ್ದಾಗ ಶಾಂತಾದೇವಿ ಬೋಳು ಹಣೆಯಲ್ಲಿ, ಹಲಗೆ ಹೊತ್ತು ಹೊಸ್ತಿಲಲ್ಲಿ ನಿಂತಳು.

“ಅಲ್ಲೇ ನಿಂತ್ಕ! ಇನ್ನೂ ಬೋಣಿ ಆಗಿಲ್ಲ!”

“ಬೋರ್ಡು ತಂದೀನಿ.”

“ನೀನೇ ಇಟ್ಕ, ಮೊದ್ಲು ಹೋಗು!”

ಅಡಿಕೆ ಹೇರಿಕೊಂಡು ಬಂದ ಗಾಡಿಯವನು ಅವಳನ್ನು ಕಂಡು ಎತ್ತು ತಿರುಗಿಸಿ ಪಕ್ಕದ ಮಂಡಿಗೆ ಹೊಡೆದ.

“ಅವ್ರು ನಿಮ್ಮಿಂದ ತಂದಿದ್ದು ಇನ್ನೂ ಐತೆ ಬಾವಾರೇ. ಬೆಂಚು, ಕುರ್ಚಿ, ಲಾಟೀನು. ದಿನಾ ಒಂದೊಂದು ತರ್ತೀನಿ, ಇದೇ ಹೊತ್ತಿಗೆ.”

ಕಲ್ಲೇಶಪ್ಪ ಪಕ್ಕದ ಮಂಡಿಯ ಮುಂದೆ ನಿಂತ ಗಾಡಿಯತ್ತ ನೋಡಿದ. “ಟ್ಯೂಷನ್ ಮಾಡ್ಕ ಹೋಗು. ನಾನೇನೂ ಅನ್ನಲ್ಲ.”

“ಚೀಲ?”

“ಇಡಲ್ಲ, ಮಾರಾಯ್ತಿ!”

“ಬೋರ್ಡು ಕೊಡ್ತೀನಿ ಅಂದಿದ್ದೆ, ಬಾವಾರೇ.” ಅವಳು ಹಲಗೆಯನ್ನು ವಾಪಸು ಒಯ್ಯಲಿಲ್ಲ. ಗಂಡನ ಕೈಬರಹವನ್ನು ಸೆರಗಿನಿಂದ ಪೂರ್ತಿ ಒರೆಸಿ, ಹೊಸ್ತಿಲ ಒಳಗೆ ಒರಗಿಸಿಟ್ಟು, ಮಕ್ಕಳು ಬರುವ ಹೊತ್ತಾಯಿತೆಂದು ಮನೆಯತ್ತ ನಡೆದಳು.