ಕೆನೆಗಟ್ಟಿದ ನೀರು

ಗಾಜಿನ ಬಾಟಲಿಯಲ್ಲಿ ನೀರು. ನೀರಿನ ಮೇಲೆ ಕಾಯಿಸಿದ ಹಾಲಿನ ಕೆನೆಯಂಥ ತೆಳುವಾದ ಪೊರೆ. ಬಾಟಲಿಯನ್ನು ಓರೆ ಮಾಡಿದಾಗ ಅದು ಹರಿಯಲಿಲ್ಲ, ಮುದುಕಿಯ ಕೈಚರ್ಮದ ಹಾಗೆ ಸುಕ್ಕುಗಟ್ಟಿತು. ಇಷ್ಟು ವರ್ಷಗಳಾದರೂ, ಮುಚ್ಚಳ ತೆಗೆದ ಪ್ರತಿ ಪಾತ್ರೆಯಲ್ಲೂ ನನಗೆ ಮೊದಲು ಕಾಣುವುದು ಆ ಸುಕ್ಕೇ.

ಆಗ ನಾನು ಊರಿನ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಬಾಟಲಿ ತಂದವರು ಹೆರಿಗೆ ಆಸ್ಪತ್ರೆಯ ಟ್ಯಾಂಕು ನೋಡಿಕೊಳ್ಳುತ್ತಿದ್ದ ದ್ಯಾಮಣ್ಣ.

"ಅಕ್ಕಾರ, ನೀರಿನ ಮ್ಯಾಲೆ ಕೆನಿ ಕಟ್ಟಿದಂಗ ಆಗೇತ್ರಿ. ಟ್ಯಾಂಕ್ ಖಾಲಿ ಮಾಡಿ ತಿಕ್ಕಸ್ಲೇನ್ರಿ?"

ಅಂದು ಮಧ್ಯಾಹ್ನ ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನನಗೆ ಹೊರಡುವ ಅವಸರ. "ಬೇಡ, ಬ್ಲೀಚಿಂಗ್ ಪೌಡರ್ ಹಾಕಿಬಿಡಿ, ಸಾಕು" ಎಂದೆ. ಬಾಟಲಿಯ ನೀರನ್ನು ಪರೀಕ್ಷಿಸದೆ ಸಿಂಕಿಗೆ ಸುರಿದೆ. ದ್ಯಾಮಣ್ಣ ಬಂದುಹೋದದ್ದನ್ನು ಎಲ್ಲಿಯೂ ಬರೆದಿಡಲಿಲ್ಲ.

ಹದಿನೈದು ದಿನಗಳೊಳಗೆ ಆ ಆಸ್ಪತ್ರೆಯಲ್ಲಿ ಮೂವರು ಬಾಣಂತಿಯರಿಗೆ, ಅದೇ ಟ್ಯಾಂಕಿನ ನೀರಲ್ಲಿ ತೊಳೆದ ಹೆರಿಗೆಯ ಹೊಲಿಗೆ ಕೀವುಗಟ್ಟಿ ಜ್ವರ ಏರಿತು. ಇಬ್ಬರು ಉಳಿದರು. ತೀರಿಕೊಂಡವಳು ನೀಲವ್ವ, ದ್ಯಾಮಣ್ಣನವರ ಒಬ್ಬಳೇ ಮಗಳು.

ಆಮೇಲೆ ಟ್ಯಾಂಕಿನ ನೀರು ಪರೀಕ್ಷೆಗೆ ನಮ್ಮಲ್ಲಿಗೇ ಬಂತು. ನಮ್ಮ ಮುಖ್ಯಸ್ಥೆ ಕಾತ್ಯಾಯಿನಿ ಮೇಡಂ ಅದನ್ನು ಅಗಲವಾದ ತಟ್ಟೆಯಲ್ಲಿಟ್ಟು ನನ್ನನ್ನು ಕರೆದರು. ಅದೇ ಪೊರೆ. ಅದರ ಮೇಲೆ ಒಂದು ಹನಿ ನೀಲಿ ನೀರು ಬಿಟ್ಟರು. ಹನಿ ಗುಂಡಗೆ ನಿಂತಿತು. ಕೆಳಗಿನ ನೀರಿಗೆ ಸೇರಲೇ ಇಲ್ಲ.

"ಬ್ಯಾಕ್ಟೀರಿಯಾಗಳು ಒಂದು ಬಗೆಯ ಪ್ರೋಟೀನ್ ಬಿಡುತ್ತವೆ. ಅದರ ಒಂದು ತುದಿಗೆ ನೀರೆಂದರೆ ಆಗದು. ಹಾಗಾಗಿ ಮೇಲ್ಮೈಗೆ ಬಂದು, ಆ ತುದಿಯನ್ನು ಗಾಳಿಗೆ ಒಡ್ಡಿ, ಅದರ ಕಣಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಅದೇ ಈ ಕೆನೆ. ಔಷಧಿ ಹಾಕಿದರೂ ಒಳಗೆ ಇಳಿಯುವುದು ಕಷ್ಟ. ಟ್ಯಾಂಕು ಖಾಲಿ ಮಾಡಿ ತಿಕ್ಕಿಸಬೇಕಿತ್ತು. ಯಾರೂ ನೋಡಲಿಲ್ಲವಲ್ಲ, ಪಾಪ" ಎಂದರು.

ದ್ಯಾಮಣ್ಣ ನೋಡಿದ್ದರು ಎಂಬುದನ್ನು ನಾನು ಮುಚ್ಚಿಟ್ಟೆ.

ಎರಡು ತಿಂಗಳು ಮುಚ್ಚಿಟ್ಟುಕೊಂಡೇ ಇದ್ದೆ. ಕುಡಿಯುವ ಲೋಟಕ್ಕೂ ಬೆರಳು ಅದ್ದಿ ನೋಡುವಂತಾದೆ. ತಂಗಿಯ ನಿಶ್ಚಿತಾರ್ಥದ ದಿನ, ಆರತಿ ತಟ್ಟೆಯ ಕೆಂಪು ನೀರು ಸುಕ್ಕುಗಟ್ಟಿದಂತೆ ಕಂಡು ತಟ್ಟೆ ಕೈಜಾರಿತು. ಮರುದಿನ ಮೇಡಂಗೆ ಎಲ್ಲವನ್ನೂ ಬರೆದುಕೊಟ್ಟೆ. ಕೆಲಸ ಹೋಗುವುದೆಂದು ಗೊತ್ತಿತ್ತು, ಹೋಯಿತು. ಅಲ್ಲಿಂದ ನೇರ ದ್ಯಾಮಣ್ಣನವರ ಮನೆಗೆ ನಡೆದೆ.

ಅವರು ಕಟ್ಟೆಯ ಮೇಲೆ ಕೂತು ಕೊನೆಯವರೆಗೂ ಕೇಳಿಸಿಕೊಂಡರು.

"ತಿಕ್ಕಿಸಿದ್ರ ಉಳೀತಿದ್ಲೇನ್ರಿ?"

"ಬಹುಶಃ ಉಳಿಯುತ್ತಿದ್ದಳು."

ಬೈಯುತ್ತಾರೆಂದು ಕಾದೆ.

"ಪೌಡರ್ ನಾನ ಕಡಿಮಿ ಹಾಕಿದ್ನೇನೋ ಅಂದ್ಕೊಂಡಿದ್ದೆ ಅಕ್ಕಾರ. ಎರಡ ತಿಂಗಳಾತು, ಈ ಕೈಲೆ ಅಕಿ ಕೂಸಿನ್ನ ಎತ್ಕೊಂಡಿಲ್ಲ."

ಒಳಗೆ ಕೂಸು ಅಳತೊಡಗಿತು. ಅವರು ನನ್ನತ್ತ ನೋಡದೆ, "ನೀವಿನ್ನ ಹೋಗ್ರಿ" ಎಂದರು. ಎದ್ದು, ಎರಡೂ ಅಂಗೈಗಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಹೊಸ್ತಿಲು ದಾಟಿದರು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ನಾನು ಅಂಗಳದಲ್ಲೇ ನಿಂತಿದ್ದೆ.