ಸುಣ್ಣದ ವೃತ್ತ

ನಡುವೆ ತೂತಿರುವ ಕಬ್ಬಿಣದ ತಟ್ಟೆಯ ಮೇಲೆ ಬಗ್ಗಿ ಅವಳು ಚಮಚದಿಂದ ಒದ್ದೆ ಮರಳನ್ನು ತೋಡಿ ಡಬ್ಬಿಗೆ ಹಾಕುತ್ತಿದ್ದಳು. ಒಂದು ಕಾಳೂ ಚೆಲ್ಲಬಾರದು. ತೋಡಿದ್ದನ್ನು ತೂಗಿ, ಗುಂಡಿಗೆ ಬಾಟಲಿಯ ಒಣ ಮರಳು ಸುರಿದು, ಎಷ್ಟು ಹಿಡಿಯಿತೆಂದು ನೋಡಿದರೆ ಅಡಿಪಾಯದೊಳಗೆ ತುಂಬಿದ ಮರಳು ಎಷ್ಟು ಗಟ್ಟಿಯಾಗಿದೆಯೆಂದು ತಿಳಿಯುತ್ತದೆ. ನೂರಕ್ಕೆ ತೊಂಬತ್ತೈದು ಬಂದರೆ ಪಾಸು. ಅವಳು ಸಹಿ ಹಾಕಿದ ಮೇಲೆಯೇ ಕಾಂಕ್ರೀಟು.

“ಏನತ್ತಿಗೆ, ಮಗೂಗೆ ತುತ್ತು ಕೊಡ್ತಾ ಇದ್ದೀರಾ?” ಗೋಡೆಯ ಮೇಲಿಂದ ಮೈದುನ ಇಣುಕಿದ. ಈ ಕಟ್ಟಡದ ಮೇಸ್ತ್ರಿ ಅವನೇ.

“ಮೊದಲು ಪಕ್ಕದ ಕೋಣೆಯ ಮಷೀನು ನಿಲ್ಸು. ನೆಲ ಅದುರಿದ್ರೆ ನನ್ನ ಲೆಕ್ಕ ಕೆಡುತ್ತೆ.”

ಮರಳನ್ನು ಬಡಿದು ದಮ್ಮಸು ಮಾಡುವ ಯಂತ್ರ ಗೊಣಗುತ್ತ ನಿಂತಿತು. ತೊಂಬತ್ತೇಳು ಬಂತು. ಯಾವಾಗಲೂ ಅಷ್ಟೇ. ಇವನೇ ಮೇಸ್ತ್ರಿಯಾಗಿದ್ದ ಹಿಂದಿನ ಕಟ್ಟಡದಲ್ಲೂ ಹಾಗೇ ಬಂದಿತ್ತು. ಆರು ತಿಂಗಳಿಗೆ ಅದರ ನೆಲ ಕುಸಿದಾಗ ಎಲ್ಲರೂ ಅವಳ ಸಹಿಯ ಕಡೆ ಬೆರಳು ತೋರಿಸಿದ್ದರು. ಅಡುಗೆಮನೆಯ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಒಂದೊಂದು ಲೆಕ್ಕವನ್ನೂ ಮತ್ತೆ ಮಾಡಿ ನೋಡಿದ್ದಳು. ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಇನ್ನೊಂದು ನೆಲ ಕುಸಿದರೆ ಅವಳ ಸಹಿಯನ್ನು ಯಾರೂ ಕೇಳುವುದಿಲ್ಲ.

ಬಾಟಲಿ ಎತ್ತಿಕೊಂಡು ಗೋಡೆಯ ಕಡೆ ಎರಡು ಹೆಜ್ಜೆ ಇಟ್ಟಳು. ಹಿಮ್ಮಡಿ ಹೂತು ಕಾಲು ಗಿಣ್ಣಿನವರೆಗೆ ಇಳಿಯಿತು.

ತಿರುಗಿ ನೋಡಿದಳು. ನಿನ್ನೆ ಸಂಜೆ ತಾನೇ ಸುಣ್ಣದಲ್ಲಿ ಬರೆದ ವೃತ್ತ ಮಸುಕಾಗಿತ್ತು. ಅದರ ಮೇಲೆ, ಅದರ ಸುತ್ತ ಮಾತ್ರ ಯಂತ್ರದ ಚೌಕ ಅಚ್ಚುಗಳು, ಒಂದರ ಮೇಲೊಂದು. ಅದರಾಚೆಯ ಮರಳನ್ನು ಬರೀ ಹಲಗೆಯಿಂದ ಸವರಿದ್ದರು.

“ಎಲ್ಲಿ ತೋಡ್ತೀರಿ ಅಂತ ಹಿಂದಿನ ದಿನವೇ ಗುರುತು ಹಾಕಿಡಿ ಅತ್ತಿಗೆ, ಅಲ್ಲಿ ಇಟ್ಟಿಗೆ ಪೇರಿಸಲ್ಲ,” ಎಂದು ಮೈದುನ ಅವಳು ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿದ್ದ. ಎಷ್ಟು ಕಾಳಜಿ ಇವನಿಗೆ ಎಂದುಕೊಂಡು ಎರಡು ವರ್ಷ ವೃತ್ತ ಬರೆದಿದ್ದಳು.

“ಇಲ್ಲಿ ಕಾಲು ಹೂತುಹೋಗ್ತಿದೆಯಲ್ಲೋ?”

“ಮರಳಲ್ವಾ? ಹೂಳದೆ ಎತ್ತಿ ಕುಣಿಸುತ್ತಾ?” ಕೆಲಸದವರು ಕಿಸಕ್ಕೆಂದರು. “ತೊಂಬತ್ತೇಳು ಬಂತಲ್ಲ, ಸಹಿ ಹಾಕಿ. ಕಾಂಕ್ರೀಟ್ ಗಾಡಿ ಬರೋ ಹೊತ್ತು.”

“ಬಂದ್ರೆ ವಾಪಸ್ ಹೋಗಲಿ. ಇನ್ನೊಂದು ಕಡೆ ನೋಡಿ ನಾಳೆ ಹಾಕ್ತೀನಿ.”

“ಅತ್ತಿಗೆ, ನಿಮ್ಮನ್ನ ಈ ಕೆಲಸಕ್ಕೆ ಸೇರಿಸಿದ್ದು ಯಾರು ಅಂತ ನೆನಪಿದೆಯಾ?”

“ಇದೆ. ಕೆಲಸ ಮಾಡ್ಲಿ ಅಂತಲೇ ಸೇರಿಸಿದ್ದಲ್ವಾ?”

ಈ ಸಲ ಕೆಲಸದವರು ನಕ್ಕಿದ್ದು ಅವನ ಕಡೆ ನೋಡಿ. ಅವನು ಮುಖ ಗಂಟಿಕ್ಕಿದ. “ಆಯ್ತು ತಾಯಿ, ನಾಳೆ ಎಲ್ಲಿ ಅಂತ ಗುರುತು ಹಾಕಿ ಹೋಗಿ.”

ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು, ಎಂದಿಗಿಂತ ನಿಧಾನವಾಗಿ ಸುಣ್ಣ ಉದುರಿಸಿ ದುಂಡನೆಯ ವೃತ್ತ ಬರೆದಳು.

ಸಂಜೆ ಮನೆಯಲ್ಲಿ ಗಂಡ ಫೋನಿನಿಂದ ತಲೆಯೆತ್ತಿದ. “ತಮ್ಮ ಮಾತಾಡಿದ. ಅದೇನೋ ಹಟ ಹಿಡಿದಿದ್ದೀಯಂತೆ?”

“ಹಟ ಏನಿಲ್ಲ. ಗುರುತು ಹಾಕಿಯೇ ಬಂದಿದ್ದೀನಿ.”

ಚಮಚವನ್ನು ತೊಳೆದು, ಒರೆಸಿ ಚೀಲಕ್ಕಿಟ್ಟಳು. ನಾಳೆ ಕಬ್ಬಿಣದ ತಟ್ಟೆ ಕೂರುವುದು ಗೋಡೆಯ ಬದಿಗೆ, ಹಿಮ್ಮಡಿ ಹೂತ ಜಾಗದ ಪಕ್ಕದಲ್ಲಿ. ಎಷ್ಟು ಬರುತ್ತದೋ ಅಷ್ಟನ್ನೇ ಬರೆಯುತ್ತಾಳೆ. ಬಾಗಿಲ ಬಳಿಯ ವೃತ್ತವನ್ನು ಅವರು ರಾತ್ರಿಯಿಡೀ ಬೇಕಾದರೆ ಬಡಿಯಲಿ.

“ಏನು ನಗ್ತಾ ಇದ್ದೀಯ?” ಎಂದ ಗಂಡ.

“ಏನಿಲ್ಲ,” ಎಂದಳು.