ಹುಡುಗನನ್ನು ನೋಡಿ ಹೇಳು

"ಒಮ್ಮೆ ಬಂದು ಹುಡುಗನನ್ನು ನೋಡಿ ಹೇಳು ಮಾರಾಯ್ತಿ. ಮನಸ್ಸು ನೋಡುವುದೇ ಅಲ್ವಾ ನಿನ್ನ ಕೆಲಸ?"

ವಡೋದರಾದಿಂದ ಜಲಜಕ್ಕ ಫೋನಿನಲ್ಲಿ ಹೀಗೆಂದಾಗ ಮೇದಿನಿಗೆ ನಗು ಬಂತು. ತಂಗಿಯೆಂದರೆ ಎಕ್ಸ್‌ರೇ ಯಂತ್ರ ಎಂದೇ ಅಕ್ಕ ತಿಳಿದಂತಿತ್ತು. ಹುಡುಗನ ಹೆಸರು ಕೇಳಿದ್ದೇ ನಗು ನಿಂತಿತು. ಸೂರತ್ತಿನ ಪಾಂಡೇಸರಾದಲ್ಲಿ ಹೋಟೆಲ್ ನಡೆಸುವ ಸೀತಾರಾಮ ರಾಯರ ಮಗ ಸಂದೀಪ್.

ಆ ಸಂದೀಪ್ ಬುಧವಾರ ಬುಧವಾರ ರೈಲು ಹತ್ತಿ, ಅಹಮದಾಬಾದಿನ ಸ್ಯಾಟಲೈಟ್‌ನಲ್ಲಿದ್ದ ಅವಳ ಕ್ಲಿನಿಕ್ಕಿಗೆ ಬರುತ್ತಿದ್ದ. ಹಿಂದೊಮ್ಮೆ ಸಾಯಲು ಹೊರಟವನು. ಈಗ ಗೆಲುವಾಗಿದ್ದ. ನೀವೂ ಎಲ್ಲರಂತೆ ಮದುವೆಯಾಗಬಹುದು ಎಂದು ಧೈರ್ಯ ತುಂಬಿದವಳು ಮೇದಿನಿಯೇ.

ಅಕ್ಕನಿಗೆ ಹೇಳುವಂತಿಲ್ಲ, ಕ್ಲಿನಿಕ್ಕಿನ ಮಾತು ಹೊರಗೆ ಹೋಗಬಾರದು. ಹುಡುಗಿ ತನ್ನ ಅಕ್ಕನ ಮಗಳೆಂದು ಅವನಿಗಾದರೂ ಮುಂಚೆ ತಿಳಿಸೋಣ ಎಂದು, ಅವನ ಮೊಬೈಲ್ ಸಿಗದೆ ಹೋಟೆಲಿಗೆ ಫೋನ್ ಮಾಡಿದರೆ ಗಲ್ಲಾದಲ್ಲಿದ್ದ ರಾಯರೇ ಎತ್ತಿ, "ಯಾರು ಮಾತಾಡುವುದು?" ಎಂದರು. ಇಟ್ಟುಬಿಟ್ಟಳು. ಮತ್ತೆ ಮಾಡಿದಳು, ಮತ್ತೆ ರಾಯರೇ. ಪಾಪದ ಆ ಮನುಷ್ಯನ ಮೇಲೆ ಅವಳಿಗೆ ಸುಮ್ಮಸುಮ್ಮನೆ ಸಿಟ್ಟು ಬಂತು.

ಹೋಗದಿರುವುದೇ ಸರಿ ಎಂದು ಗೊತ್ತಿತ್ತು. ಆದರೆ ಅಕ್ಕನ ಮಗಳು ಅನುಷಾ ಅವಳೇ ಎತ್ತಿ ಆಡಿಸಿದ ಕೂಸು. ಭಾನುವಾರ ವಡೋದರಾದ ಬಸ್ಸು ಹತ್ತಿದಳು. ಕೂತಲ್ಲಿ ಕೂರಲಾಗದೆ ದಾರಿಯುದ್ದಕ್ಕೂ ಕಿಟಕಿ ತೆಗೆದಳು, ಮುಚ್ಚಿದಳು.

ಅಕ್ಕನ ಮನೆಗೆ ಅಪ್ಪನೊಂದಿಗೆ ಬಂದ ಸಂದೀಪ್ ಅವಳನ್ನು ಕಂಡು ಬಿಳಿಚಿಕೊಂಡ. ಮೇದಿನಿ ಗುರುತಿಲ್ಲದವಳಂತೆ ಕೈ ಮುಗಿದಳು.

"ಇವಳು ನನ್ನ ತಂಗಿ, ಮನಸ್ಸಿನ ಡಾಕ್ಟ್ರು," ಎಂದಳು ಜಲಜಕ್ಕ ಹೆಮ್ಮೆಯಿಂದ. "ಹುಡುಗನನ್ನು ನೋಡ್ಲಿಕ್ಕೆ ನಾನೇ ಕರೆಸಿದ್ದು."

ಸಂದೀಪ್ ತಿಂಡಿಯ ತಟ್ಟೆ ಕೆಳಗಿಟ್ಟ. "ನನಗೆ ಇವರ ಗುರ್ತ ಉಂಟು. ಇವರ ಹತ್ರವೇ ನಾನು ಹೋಗುವುದು. ಒಮ್ಮೆ ಸಾಯ್ಲಿಕ್ಕೆ ಹೊರಟಿದ್ದೆ. ಈಗ ಸರಿ ಇದ್ದೇನೆ."

"ಸುಮ್ಮನಿರು ಮಾರಾಯ!" ರಾಯರು ಮಗನ ತೋಳು ಹಿಡಿದರು.

"ಇರಲಿ ಅಪ್ಪ. ಮೇಡಂ, ನೀವೇ ಹೇಳಿ. ನನ್ನ ಒಪ್ಪಿಗೆ ಉಂಟು."

ಇಷ್ಟು ದಿನ ಅವಳು ಕಾಪಾಡಿದ ಗುಟ್ಟಿನ ನಿಯಮವನ್ನು ಅವನೇ ಬದಿಗಿಟ್ಟಿದ್ದ. ಇನ್ನು ಅದರ ಹಿಂದೆ ಅಡಗುವಂತಿರಲಿಲ್ಲ. ಜಲಜಕ್ಕ ತಂಗಿಯ ಕಡೆ ತಿರುಗಿದಳು. "ಹೇಳೇ ಮೇದಿನಿ. ನಿನ್ನ ಮಗಳಾಗಿದ್ರೆ ಕೊಡ್ತಿದ್ಯಾ?"

ಮೇದಿನಿ ಅನುಷಾಳನ್ನು ನೋಡಿದಳು. ಮದುವೆಯಾಗಬಹುದು ಎಂದು ತಾನೇ ಅವನಿಗೆ ಹೇಳಿದ್ದು ನೆನಪಾಯಿತು.

"ಸ್ವಲ್ಪ ಯೋಚನೆ ಮಾಡುವ ಅಕ್ಕ," ಎಂದಳು.

ಸಂದೀಪ್ ಎದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಮಾಡಿ ಮೇಡಂ," ಎಂದ. "ಇನ್ನು ಬುಧವಾರ ನೀವು ನನ್ನನ್ನು ಕಾಯುವುದು ಬೇಡ."